ಕಂಬಳಿ ಹೊದಿಸಿದ ಕೈ: ಮನಸ್ಸಿನ ಆರೈಕೆಯ ನಮ್ಮ ಚರಿತ್ರೆ

ಕಳೆದ ತಿಂಗಳ ಎರಡನೇ ಶುಕ್ರವಾರದ ಖುತ್ಬಾ ಪ್ರವಾದಿ ಯಾಕೂಬ್(ಅ)ರ ದುಃಖವನ್ನು ಕುರಿತದ್ದಾಗಿತ್ತು. ಅದರ ಸಾರಾಂಶ ಈ ಸಂಚಿಕೆಯಲ್ಲೇ ಬೇರೆಡೆ ಇದೆ. ಮಗ ಯೂಸುಫ್(ಅ)ರನ್ನು ಕಳೆದುಕೊಂಡ ಆ ತಂದೆಯ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದು ಕುರ್‌ಆನ್ ಹೇಳುತ್ತದೆ. ಆದರೆ ಅವರ ಸಬ್ರ್‌ನಲ್ಲಿ ಕೊರತೆಯಿತ್ತೆಂದು ಎಲ್ಲೂ ಹೇಳುವುದಿಲ್ಲ. ಖತೀಬರು ಇದನ್ನು ಎರಡು ಸಲ ಒತ್ತಿ ಹೇಳಿದರು.

ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ತಾಂಡವಪುರದ ಕಡೆಯ ಒಬ್ಬ ಹುಡುಗ ನಮ್ಮ ಪಕ್ಕ ಬಂದು ನಿಂತ. ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಅವನದು. ರಾತ್ರಿ ಪಾಳಿ ಮುಗಿಸಿ ಬಂದರೂ ನಿದ್ದೆ ಹತ್ತುವುದಿಲ್ಲ, ಎದೆ ಹಿಡಿದ ಹಾಗಾಗುತ್ತದೆ, ಯಾವ ಕೆಲಸಕ್ಕೆ ಕೈ ಹಾಕಿದರೂ ತಪ್ಪಾದೀತೆಂಬ ಅಂಜಿಕೆ. ಮನೆಯಲ್ಲಿ "ಜೀ ಘಬರಾತಾ" ಎಂದರೆ ಅಮ್ಮಿ ನಝರ್ ತೆಗೆಯುತ್ತಾರೆ. ಅಬ್ಬಾ "ನಮಾಝ್ ಸರಿಯಾಗಿ ಮಾಡು" ಎನ್ನುತ್ತಾರೆ. ಅವನು ನಮಾಝ್ ಸರಿಯಾಗಿಯೇ ಮಾಡುತ್ತಾನೆ. ಫೋನಿನಲ್ಲಿ ಯಾರೋ 'ನಿನ್ನ ಮೇಲೆ ನೀನು ಭರವಸೆಯಿಡು' ಎಂದು ಹೇಳುವ ವಿಡಿಯೊಗಳನ್ನು ನೋಡಿದನಂತೆ. ಅದು ತವಕ್ಕುಲ್‌ಗೆ ವಿರುದ್ಧ, ಭರವಸೆ ಅಲ್ಲಾಹನ ಮೇಲಷ್ಟೇ ಇರಬೇಕು ಎಂದು ಗೆಳೆಯನೊಬ್ಬ ಬಾಯಿ ಮುಚ್ಚಿಸಿದನಂತೆ. "ಯಾವುದು ಸರಿ, ಚಾಚಾ?" ಎಂದು ಕೇಳಿದ.

ಅಲ್ಲೇ ನಿಂತು ಹೇಳಿ ಮುಗಿಸುವ ಉತ್ತರ ನಮ್ಮ ಬಳಿ ಇರಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತೆಗೆದು ಕೂತೆವು. ಅವನಿಗೆ ಹೇಳಬೇಕೆಂದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕ್ರಿ.ಶ. 610. ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಇಳಿದ ಮೇಲೆ ಪ್ರವಾದಿ ಮುಹಮ್ಮದ್(ಸ)ರು ನಡುಗುತ್ತ ಮನೆಗೆ ಬಂದರು. ಹೊದಿಸಿ, ನನಗೆ ಹೊದಿಸಿ ಎಂದು ಕೇಳಿಕೊಂಡರು. ಈ ಪ್ರಸಂಗ ಸಹೀಹ್ ಬುಖಾರಿಯ ಆರಂಭದಲ್ಲೇ ಇದೆ. ನಾವೆಲ್ಲ ಮದ್ರಸಾದ ದಿನಗಳಿಂದ ಕೇಳಿದವರೇ. ಆದರೆ ಹಝ್ರತ್ ಖದೀಜಾ(ರ) ಆ ಹೊತ್ತಿನಲ್ಲಿ ಏನು ಮಾಡಿದರು, ಯಾವ ಕ್ರಮದಲ್ಲಿ ಮಾಡಿದರು ಎಂಬುದನ್ನು ನಿಧಾನವಾಗಿ ಗಮನಿಸಿದವರು ಕಡಿಮೆ. ಅವರು ಮೊದಲು ಪ್ರಶ್ನೆ ಕೇಳಲಿಲ್ಲ, ಹೊದಿಸಿದರು. ನಡುಕ ನಿಲ್ಲುವವರೆಗೆ ಕಾದರು. ಆಮೇಲೆ ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ತಮ್ಮ ಬಗ್ಗೆ ತಮಗೇ ಭಯವಾಗುತ್ತಿದೆ ಎಂದು ಪ್ರವಾದಿ(ಸ)ರು ಹೇಳಿದಾಗ, ಹೆದರಬೇಡಿ ಎಂಬ ಒಣ ಮಾತನ್ನಾಡಿ ಅವರು ಸುಮ್ಮನಾಗಲಿಲ್ಲ. ಅಲ್ಲಾಹನು ನಿಮ್ಮನ್ನು ಅವಮಾನಕ್ಕೆ ಗುರಿಮಾಡುವುದಿಲ್ಲ ಎಂದರು, ಏಕೆಂದು ಎಣಿಸಿಯೂ ಹೇಳಿದರು. ನೀವು ನೆಂಟರನ್ನು ಕೈಬಿಡುವವರಲ್ಲ, ಬಡವನ ಹೊರೆ ಹೊರುತ್ತೀರಿ, ಇಲ್ಲದವನಿಗೆ ದುಡಿದು ಕೊಡುತ್ತೀರಿ, ಅತಿಥಿಯನ್ನು ಆದರಿಸುತ್ತೀರಿ, ಕಷ್ಟಕ್ಕೆ ಸಿಕ್ಕಿದವರ ಬೆನ್ನಿಗೆ ನಿಲ್ಲುತ್ತೀರಿ ಎಂಬ ಅರ್ಥದ ಮಾತುಗಳು ಅವು. ಹದಿನೈದು ವರ್ಷ ಕಣ್ಣಾರೆ ಕಂಡದ್ದನ್ನು ಅವರು ಸಾಕ್ಷಿಯಾಗಿ ಮುಂದಿಟ್ಟರು. ಅಷ್ಟಕ್ಕೂ ನಿಲ್ಲಿಸದೆ, ತಮಗಿಂತ ಹೆಚ್ಚು ತಿಳಿದಿದ್ದ ವರಕಾ ಬಿನ್ ನೌಫಲ್‌ರ ಬಳಿಗೆ ಕರೆದುಕೊಂಡು ಹೋದರು.

ಇದರಲ್ಲಿ ಆತ್ಮವಿಶ್ವಾಸವೂ ತವಕ್ಕುಲ್ಲೂ ಎಲ್ಲಿ ಜಗಳವಾಡುತ್ತವೆ? ಖದೀಜಾ(ರ)ರ ಮಾತು ಶುರುವಾಗುವುದು ಅಲ್ಲಾಹನ ಹೆಸರಿನಿಂದ. ಮುಂದುವರಿಯುವುದು ಒಬ್ಬ ಮನುಷ್ಯನ ನಡತೆಯ ಪಟ್ಟಿಯಿಂದ. ಅಲ್ಲಾಹನು ನಿನ್ನಲ್ಲಿಟ್ಟ ಒಳ್ಳೆಯದನ್ನು ನೀನು ಕಾಣದೆ ಹೋದರೆ ಅದು ವಿನಯವಲ್ಲ, ಮರೆವು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕಲು ಕಲಿಸಿದ ತಿರ್ಮಿದಿಯ ಹದೀಸ್ ನಮ್ಮ ಓದುಗರಿಗೆ ಗೊತ್ತು. ಕಟ್ಟುವ ಕೈಯ ಮೇಲೆ ನಂಬಿಕೆ ಇಲ್ಲದವನು ಗಂಟನ್ನಾದರೂ ಹೇಗೆ ಹಾಕಿಯಾನು?

ಖದೀಜಾ(ರ)ರೂ ಚಿಕ್ಕಪ್ಪ ಅಬೂತಾಲಿಬರೂ ತೀರಿಕೊಂಡ ಕ್ರಿ.ಶ. 619ರ ವರ್ಷಕ್ಕೆ ನಮ್ಮ ಚರಿತ್ರೆಕಾರರು ಇಟ್ಟ ಹೆಸರು ಆಮುಲ್ ಹುಝ್ನ್, ದುಃಖದ ವರ್ಷ. ಒಂದು ಸಮುದಾಯ ತನ್ನ ಪ್ರವಾದಿಯ ಜೀವನದ ಒಂದು ವರ್ಷವನ್ನು ದುಃಖದ ಹೆಸರಿನಿಂದಲೇ ಕರೆದು ಬರೆದಿಟ್ಟಿದೆ, ಮುಚ್ಚಿಟ್ಟಿಲ್ಲ. ಎಳೆಯ ಮಗು ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಸಹಾಬಿಗಳೇ ಅಚ್ಚರಿಪಟ್ಟರು. ಅದು ಕರುಣೆ ಎಂದು ಪ್ರವಾದಿ(ಸ)ರು ತಿಳಿಸಿದರು. ಗಂಡಸು ಅಳಬಾರದು ಎಂಬ ಮಾತು ನಮ್ಮ ಮೊಹಲ್ಲಾಗಳಿಗೆ ಎಲ್ಲಿಂದ ಬಂತೋ, ಅಲ್ಲಿಂದ ಅಂತೂ ಬಂದದ್ದಲ್ಲ.

ಮುಂದಿನ ಎರಡು ಶತಮಾನಗಳಲ್ಲಿ ಮನಸ್ಸನ್ನು ಅರಿಯುವ ಕೆಲಸ ಒಂದು ಶಿಸ್ತಾಗಿ ಬೆಳೆಯಿತು. ಬಸ್ರಾದಲ್ಲಿ ಹುಟ್ಟಿ 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಮುಹಾಸಿಬಿಯವರಿಗೆ ಆ ಹೆಸರು ಬಂದದ್ದೇ ಮುಹಾಸಬಾದಿಂದ, ಅಂದರೆ ತನ್ನ ಲೆಕ್ಕವನ್ನು ತಾನೇ ತೆಗೆಯುವುದರಿಂದ. ನನಗೆ ಸಿಟ್ಟು ಬಂತು ಎಂಬಲ್ಲಿಗೆ ನಿಲ್ಲದೆ, ಯಾಕೆ ಬಂತು, ಅದರ ಹಿಂದೆ ಅವಮಾನವಿತ್ತೇ, ಹೊಟ್ಟೆಕಿಚ್ಚಿತ್ತೇ, ಹೊಗಳಿಕೆಯ ಆಸೆಯಿತ್ತೇ ಎಂದು ಒಳಗೆ ಇಳಿದು ನೋಡುವ ಅಭ್ಯಾಸ ಅದು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಬೂ ಝೈದ್ ಅಲ್ ಬಲ್ಖಿ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಬಳಿಯ ಹಳ್ಳಿಯೊಂದರಲ್ಲಿ ಸುಮಾರು 850ರಲ್ಲಿ ಹುಟ್ಟಿದವರು, ಶಾಲಾ ಉಪಾಧ್ಯಾಯರ ಮಗ. ಇರಾಕಿನಲ್ಲಿ ವರ್ಷಗಟ್ಟಲೆ ಕಲಿತು ಊರಿಗೆ ಮರಳಿದರು. ಭೂಗೋಳಶಾಸ್ತ್ರದವರಿಗೆ ಅವರು ನಕ್ಷೆಗಳಿಂದ ಪರಿಚಿತರು. 934ರಲ್ಲಿ ನಿಧನರಾಗುವ ಮೊದಲು ಅವರು ಬರೆದ ಒಂದು ಪುಸ್ತಕದ ಹೆಸರು 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್', ದೇಹಗಳ ಮತ್ತು ಮನಸ್ಸುಗಳ ಹಿತ. ಮೊದಲ ಭಾಗ ದೇಹಕ್ಕೆ, ಎರಡನೆಯದು ಮನಸ್ಸಿಗೆ. ಮನಸ್ಸಿನ ಭಾಗದಲ್ಲಿ ಎಂಟು ಅಧ್ಯಾಯಗಳಿವೆ. ಸಿಟ್ಟು, ಭಯ, ದುಃಖ, ವಸ್ವಾಸ್ ಇವುಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡು ಬರೆದಿದ್ದಾರೆ.

ಬಲ್ಖಿಯವರ ವಾದ ಸರಳ. ದೇಹ ಮತ್ತು ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಕಾಯಿಲೆ ಬಿದ್ದರೆ ಇನ್ನೊಂದು ನೋಯುತ್ತದೆ. ಜ್ವರವಿಲ್ಲದೆ ವರ್ಷ ಕಳೆಯುವವರು ಇದ್ದಾರು, ಆದರೆ ಬೇಸರ, ಸಿಟ್ಟು, ಅಂಜಿಕೆ ತಟ್ಟದೆ ದಿನ ಕಳೆಯುವವರು ಸಿಗುವುದು ಕಷ್ಟ. ಹಾಗಿದ್ದೂ ವೈದ್ಯರು ದೇಹವನ್ನಷ್ಟೇ ನೋಡುತ್ತಾರಲ್ಲ ಎಂಬ ಅಸಮಾಧಾನ ಅವರದು. ಬುದ್ಧಿವಂತನು ಮನೆಯಲ್ಲಿ ಔಷಧಿ ಕೂಡಿಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಂಡು ಕಷ್ಟದ ಹೊತ್ತಿಗೆ ಅವನ್ನು ಹೊರತೆಗೆಯಬೇಕು ಎನ್ನುತ್ತಾರೆ. ನಮ್ಮಲ್ಲಿ ಅಜ್ಜಿಯರು ಡಬ್ಬಿಯಲ್ಲಿ ಓಮ, ಶುಂಠಿ ಇಟ್ಟುಕೊಂಡಿರುವುದಿಲ್ಲವೇ, ಹಾಗೆ.

ಭಯದ ಬಗ್ಗೆ ಅವರು ಕೊಡುವ ಉದಾಹರಣೆಯೊಂದಿದೆ. ಮರುಭೂಮಿಯ ಅರಬನೊಬ್ಬ ತೇವದ ನಾಡಿಗೆ ಬಂದು ಮೊದಲ ಸಲ ಮಂಜು ಕಾಣುತ್ತಾನೆ. ಎದುರಿಗೆ ಗೋಡೆಯೇ ನಿಂತಿದೆ, ದಾಟಲಾಗದು ಎಂದುಕೊಳ್ಳುತ್ತಾನೆ. ಒಳಗೆ ಕಾಲಿಟ್ಟ ಮೇಲೆ ಅದು ಬರೀ ಒದ್ದೆ ಗಾಳಿ ಎಂದು ತಿಳಿಯುತ್ತದೆ. ಚಳಿಗಾಲದ ಬೆಳಗಿನ ಜಾವ ಕಪಿಲೆಯ ದಂಡೆಯಲ್ಲಿ ಮಂಜು ಕವಿದಾಗ ಮೈಸೂರು ರಸ್ತೆಯಲ್ಲಿ ಬೈಕು ಓಡಿಸಿ ಕಾರ್ಖಾನೆಗೆ ಹೋಗುವವರಿಗೆ ಈ ಉದಾಹರಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಃಖದಲ್ಲಿ ಅವರು ಎರಡು ಬಗೆ ಮಾಡುತ್ತಾರೆ. ಕಾರಣ ಗೊತ್ತಿರುವುದು ಒಂದು: ಆಪ್ತರ ಸಾವು, ಆಸ್ತಿ ನಷ್ಟ, ಹೀಗೆ. ಕಾರಣವೇ ಕಾಣದೆ ಬಂದು ಕವಿಯುವುದು ಇನ್ನೊಂದು. ಮೊದಲನೆಯದಕ್ಕೆ ಮಾತು ಮದ್ದು. ಹೊರಗಿನಿಂದ ಹಿತವರ ಮಾತು, ಒಳಗಿನಿಂದ ತಾನು ತನಗೆ ಹೇಳಿಕೊಳ್ಳುವ ಮಾತು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು. ರಕ್ತದ ಕೆಡುಕಿನಿಂದ ಅದು ಬರುತ್ತದೆ ಎಂಬ ಅವರ ವಿವರಣೆ ಇಂದು ನಿಲ್ಲುವುದಿಲ್ಲ, ಅದು ಆ ಕಾಲದ ವೈದ್ಯಶಾಸ್ತ್ರ. ಆದರೆ ಎರಡನ್ನು ಬೇರೆ ಮಾಡಿ ನೋಡಿದ ಕಣ್ಣು ದೊಡ್ಡದು. ಎಲ್ಲಕ್ಕೂ ಒಂದೇ ತಾಯಿತ ಕಟ್ಟುವ ನಾವು ಹತ್ತನೇ ಶತಮಾನದ ಈ ಪುಸ್ತಕಕ್ಕಿಂತ ಹಿಂದೆ ಉಳಿದಿದ್ದೇವೆ ಎಂದು ಒಪ್ಪಿಕೊಳ್ಳಬೇಕು.

ಈ ಪುಸ್ತಕದ ಹಸ್ತಪ್ರತಿ ಇಸ್ತಾಂಬುಲಿನ ಆಯಾಸೋಫಿಯಾ ಸಂಗ್ರಹದಲ್ಲಿತ್ತು. ಫುಆತ್ ಸೆಝ್ಗಿನ್‌ರು ಅದರ ಯಥಾಪ್ರತಿಯನ್ನು ಫ್ರಾಂಕ್‌ಫರ್ಟಿನಲ್ಲಿ 1984ರಲ್ಲಿ ಹೊರತಂದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದದ್ದು 2013ರಲ್ಲಿ. ಒಂದು ಎಚ್ಚರಿಕೆ: ಇಂಥದ್ದನ್ನು ಓದಿದ ಕೂಡಲೇ 'ಎಲ್ಲ ನಮ್ಮವರೇ ಮೊದಲು ಕಂಡುಹಿಡಿದದ್ದು' ಎಂದು ವಾಟ್ಸ್ಆ್ಯಪಿನಲ್ಲಿ ಕಳಿಸುವ ಚಟ ನಮಗಿದೆ. ಬಲ್ಖಿಯವರು ಗ್ರೀಕರಿಂದ ಕಲಿತರು. ಕಲಿತದ್ದನ್ನು ಹೇಳಿಕೊಳ್ಳಲು ಆ ಕಾಲದವರಿಗೆ ಸಂಕೋಚವಿರಲಿಲ್ಲ.

ವಸ್ವಾಸ್ ವಿಷಯದಲ್ಲಿ ಇನ್ನೊಂದು ಮಾತು. ವುಝೂ ಆಯಿತೋ ಇಲ್ಲವೋ ಎಂದು ಏಳೆಂಟು ಸಲ ಕೈಕಾಲು ತೊಳೆಯುವ, ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರ್ ಮತ್ತೆ ಮತ್ತೆ ಹೇಳುವ ಒಬ್ಬಿಬ್ಬರು ಪ್ರತಿ ಮಸೀದಿಯಲ್ಲೂ ಇರುತ್ತಾರೆ. ಅವರನ್ನು ದೊಡ್ಡ ಪರಹೇಝ್‌ಗಾರರೆಂದು ನಾವು ತಿಳಿಯುತ್ತೇವೆ. 1223ರಲ್ಲಿ ತೀರಿಕೊಂಡ ಹಂಬಲಿ ವಿದ್ವಾಂಸ ಇಬ್ನ್ ಕುದಾಮಾ ಈ ಸ್ಥಿತಿಯನ್ನು ಖಂಡಿಸಲೆಂದೇ ಪ್ರತ್ಯೇಕ ಪುಸ್ತಕ ಬರೆದರು. ಅದು ಭಕ್ತಿಯಲ್ಲ, ಮನುಷ್ಯನಿಗೆ ಹಿಂಸೆ.

ಇಮಾಮ್ ಗಝಾಲಿ(ರಹ್)ಯವರ ಕಥೆಯನ್ನಂತೂ ಹುಡುಗನಿಗೆ ಪೂರ್ತಿ ಹೇಳಲೇಬೇಕೆಂದು ನಾವು ತೀರ್ಮಾನಿಸಿದೆವು. 1091ರಲ್ಲಿ, ಮೂವತ್ತಮೂರು ವರ್ಷ ವಯಸ್ಸಿಗೆ, ಬಗ್ದಾದಿನ ನಿಝಾಮಿಯಾ ಮದ್ರಸಾದ ಪ್ರಾಧ್ಯಾಪಕ. ಅದಕ್ಕಿಂತ ದೊಡ್ಡ ಹುದ್ದೆ ಆಗಿನ ವಿದ್ವಾಂಸರಿಗೆ ಇರಲಿಲ್ಲ. 1095ರಲ್ಲಿ ಎಲ್ಲ ಕುಸಿಯಿತು. ಯಾವುದಕ್ಕಾಗಿ ಕಲಿಸುತ್ತಿದ್ದೇನೆ, ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆ ಒಳಗೆ ಕೊರೆಯತೊಡಗಿತು. ಬಿಟ್ಟು ಹೋಗೋಣ ಎಂದು ಬೆಳಿಗ್ಗೆ ನಿರ್ಧರಿಸಿದ್ದನ್ನು ಸಂಜೆ ಬದಲಿಸುತ್ತಿದ್ದರು. ಸುಮಾರು ಆರು ತಿಂಗಳು ಹೀಗೆ. ಕೊನೆಗೆ ನಾಲಿಗೆಯೇ ಹೊರಳದಾಯಿತು, ಪಾಠ ಹೇಳಲಾಗಲಿಲ್ಲ. ಅನ್ನ ನೀರು ಇಳಿಯಲಿಲ್ಲ. ವೈದ್ಯರು ಬಂದು ನೋಡಿ, ಇದು ಹೃದಯದಿಂದ ದೇಹಕ್ಕೆ ಇಳಿದ ಬೇನೆ, ಒಳಗಿನ ಚಿಂತೆ ಕಳೆಯದೆ ಮದ್ದು ನಾಟದು ಎಂದು ಕೈಚೆಲ್ಲಿದರು. ಇದನ್ನೆಲ್ಲ ಯಾರೋ ವಿರೋಧಿಗಳು ಬರೆದದ್ದಲ್ಲ, 'ಅಲ್ ಮುನ್ಕಿಝ್' ಎಂಬ ಆತ್ಮವೃತ್ತಾಂತದಲ್ಲಿ ಅವರೇ ಬರೆದುಕೊಂಡದ್ದು. ಹುಜ್ಜತುಲ್ ಇಸ್ಲಾಮ್ ಎನಿಸಿಕೊಂಡವರು ತನ್ನ ಮಾತು ನಿಂತುಹೋಯಿತು, ನಿರ್ಧಾರಶಕ್ತಿ ಹೋಯಿತು ಎಂದು ಸ್ವಂತ ಕೈಯಿಂದ ಬರೆದರು. ಅವರ ಈಮಾನ್ ದುರ್ಬಲವಾಗಿತ್ತೆಂದು ಇಂದು ಯಾರಾದರೂ ಹೇಳಬಲ್ಲರೇ?

ಅವರು ಬಗ್ದಾದ್ ಬಿಟ್ಟು ಡಮಾಸ್ಕಸಿಗೆ ಹೋದರು, ಜೆರುಸಲೇಮಿಗೆ, ಹಜ್ಜ್‌ಗೆ ಹೋದರು. ಮತ್ತೆ ನೈಸಾಬೂರಿನಲ್ಲಿ ಕಲಿಸಲು ಕುಳಿತದ್ದು 1106ರಲ್ಲಿ. ಹನ್ನೊಂದು ವರ್ಷ ಹಿಡಿಯಿತು. ಆ ನಡುವಿನಲ್ಲಿ ಬರೆದ 'ಇಹ್ಯಾ'ದಲ್ಲಿ ಸಿಟ್ಟಿನ ಬಗ್ಗೆ, ಅಸೂಯೆಯ ಬಗ್ಗೆ, ಆತ್ಮಪರೀಕ್ಷೆಯ ಬಗ್ಗೆ ಪ್ರತ್ಯೇಕ ಗ್ರಂಥಭಾಗಗಳೇ ಇವೆ.

ಆಸ್ಪತ್ರೆಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಡಮಾಸ್ಕಸಿನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನಗಳಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು, ವಕ್ಫ್ ಆದಾಯದಿಂದ ಖರ್ಚು ನಡೆಯುತ್ತಿತ್ತು. ತುರ್ಕಿಯ ಎದಿರ್ನೆಯಲ್ಲಿ 1488ರಲ್ಲಿ ಮುಗಿದ ಎರಡನೇ ಬಾಯಝೀದರ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಸಂಗೀತ ನುಡಿಸುತ್ತಿದ್ದುದನ್ನು ಪ್ರವಾಸಿ ಎವ್ಲಿಯಾ ಚೆಲೆಬಿ ದಾಖಲಿಸಿದ್ದಾನೆ. ವಕ್ಫ್ ಎಂದರೆ ಅಂಗಡಿ ಬಾಡಿಗೆಯ ಜಗಳ ಎಂದಷ್ಟೇ ಗೊತ್ತಿರುವ ನಮ್ಮ ಕಾಲದಲ್ಲಿ ಇದನ್ನು ಓದಿದರೆ ಸ್ವಲ್ಪ ನೋವಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ನಂಜನಗೂಡಿನಲ್ಲಿ ಹಕೀಮ ಎಂಬ ನಮ್ಮ ಪದಕ್ಕೆ ಬೇರೆಲ್ಲೂ ಇಲ್ಲದ ಗೌರವವಿದೆ. ಟಿಪ್ಪು ಸುಲ್ತಾನರ ಆನೆಯ ಕಣ್ಣು ವಾಸಿಯಾದ ಐತಿಹ್ಯದ ಜೊತೆಗೆ ಇಲ್ಲಿನ ದೇವರು 'ಹಕೀಮ ನಂಜುಂಡ' ಎನಿಸಿಕೊಂಡ. ಸುಲ್ತಾನರು ಕೊಟ್ಟದ್ದೆಂದು ಹೇಳುವ ಪಚ್ಚೆಯ ಲಿಂಗ ದೇವಸ್ಥಾನದಲ್ಲಿದೆ. 1913ರಲ್ಲಿ ಇಲ್ಲೇ ಶುರುವಾದ ಸದ್ವೈದ್ಯಶಾಲೆಯ ಹಲ್ಲುಪುಡಿ ನಮ್ಮ ಮನೆಗಳ ಬಚ್ಚಲಲ್ಲೂ ಇತ್ತು. ದೇಹದ ವೈದ್ಯಕ್ಕೆ ಧರ್ಮದ ಬೇಲಿ ಈ ಊರಿನಲ್ಲಿ ಯಾವತ್ತೂ ಗಟ್ಟಿಯಾಗಿರಲಿಲ್ಲ.

ಮನಸ್ಸಿನ ವಿದ್ಯೆಯೂ ಮೈಸೂರಿಗೆ ಬೇಗನೆ ಬಂತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ದೇಶದಲ್ಲಿ ಅದಕ್ಕೆ ಮೊದಲು ಇಂಥ ವಿಭಾಗವಿದ್ದದ್ದು ಕಲ್ಕತ್ತೆಯಲ್ಲಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದವರೂ ಇವರೇ. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂತು. ಮನುಷ್ಯರ ಮನಸ್ಸನ್ನು ಓದುತ್ತಿದ್ದವರೇ ಮನೆಮನೆಗೆ ಮಾತು ತಲುಪಿಸುವ ಹುಚ್ಚನ್ನೂ ಹಚ್ಚಿಕೊಂಡದ್ದು ನಮಗೆ ಸಹಜವಾಗಿಯೇ ಕಾಣುತ್ತದೆ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಮರುವರ್ಷ ಮಿರ್ಝಾ ಇಸ್ಮಾಯಿಲ್ ದಿವಾನರಾದರು. ಆಸ್ಪತ್ರೆ ಈಗಿನ ಜಾಗಕ್ಕೆ ಬಂದದ್ದು ಅವರ ಕಾಲದಲ್ಲೇ. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಅಲ್ಲಿನ ವೈದ್ಯರು ಆಸ್ಪತ್ರೆಯ ಗೋಡೆಯೊಳಗೆ ಕೂರಲಿಲ್ಲ. ಆರ್.ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ಮನೆಮನೆಗೆ ಹೋಗಿ ಜನರ ಮನಸ್ಸಿನ ಕಷ್ಟಗಳನ್ನು ಕೇಳಿದರು. ಅವರ ಪುಸ್ತಕ ಬಂದದ್ದು 1976ರಲ್ಲಿ. ಜನ ವೈದ್ಯರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿಯ ಬಳಿಗೂ ಹೋಗುತ್ತಿದ್ದರು. ಕಷ್ಟ ಎಲ್ಲ ಜಾತಿಯ ಮನೆಗಳಲ್ಲೂ ಇತ್ತು. ಅದೇ ಹೊತ್ತಿಗೆ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಈ ಚಿಕಿತ್ಸೆ ಕಲಿಸುವ ಪ್ರಯೋಗ ಶುರುವಾಯಿತು. 80ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹರಡಿ, 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನ್ನಡದಲ್ಲಿ ಹಾಸ್ಯ ಬರೆಯುತ್ತಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿ, 'ಮನಮಂಥನ' ಬರೆದರು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿಗುತ್ತಿದ್ದವು. ಸಿಟ್ಟು, ಪರೀಕ್ಷೆಯ ಭಯ, ಕೀಳರಿಮೆ ಎಂಬ ಮಾತುಗಳನ್ನು ನಾಚಿಕೆಯಿಲ್ಲದೆ ಆಡಲು ಕನ್ನಡಿಗರಿಗೆ ಕಲಿಸಿದವರಲ್ಲಿ ಅವರು ಒಬ್ಬರು.

ಇಷ್ಟೆಲ್ಲ ಇದ್ದೂ ನಾವು ನಮ್ಮವರನ್ನು ಎಲ್ಲಿಗೆ ಕರೆದೊಯ್ದೆವು? ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಊರಿನಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿತ್ತು. 28 ಜನ ಸತ್ತರು. ಅವರು ಓಡಲಾಗಲಿಲ್ಲ, ಸರಪಳಿಯಲ್ಲಿ ಕಟ್ಟಿದ್ದರು. ಎಲ್ಲ ಧರ್ಮದವರೂ ತಮ್ಮ ಮನೆಯ ರೋಗಿಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಅಂಥ ಮನೆಗಳನ್ನು ಮುಚ್ಚಿಸಲಾಯಿತು. ಔಲಿಯಾಗಳ ಮೇಲಿನ ಪ್ರೀತಿಯನ್ನು ಇಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ದುಆ ಬೇಕು, ರುಕ್ಯಾ ಓದಿಸುವವರು ಓದಿಸಲಿ. ಆದರೆ ನೂರುದ್ದೀನರ ಆಸ್ಪತ್ರೆ ಕಟ್ಟಿದ ಉಮ್ಮತ್ತಿನ ಮಕ್ಕಳು ಸರಪಳಿ ಕೊಂಡುಕೊಟ್ಟರಲ್ಲ ಎಂಬುದು ನಮ್ಮನ್ನು ಇಂದಿಗೂ ಬಿಡದ ಮಾತು.

ಆ ಹುಡುಗನಿಗೆ ಮರುವಾರ ಇದರಲ್ಲಿ ಅರ್ಧ ಹೇಳಿದೆವು. ಗಝಾಲಿಯವರ ನಾಲಿಗೆ ನಿಂತ ಕಥೆ ಕೇಳುವಾಗ ಅವನು ತಲೆ ಎತ್ತಿ ನೋಡಿದ. ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ, ವಿಚಾರಿಸಿ ಹೋಗು ಎಂದೆವು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಫೋನಿನಲ್ಲಿ ಬರೆಸಿದೆವು. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಿಕೊಳ್ಳಲು ನಾಚಿಕೆಯಾದರೆ ಪರವಾಗಿಲ್ಲ. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆವು. ಇಲ್ಲ ಎಂದ. ಕೇಳಿದ್ದರಿಂದ ಅವನಿಗೆ ಬೇಸರವಾಗಲಿಲ್ಲ, ಹಗುರವಾದಂತೆಯೇ ಕಂಡಿತು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹಿರಿಯರು ಅಂಜುತ್ತಾರೆ. ಹಾಗಾಗುವುದಿಲ್ಲವೆಂದು ವೈದ್ಯರು ಹೇಳುತ್ತಾರೆ.

ಹೊರಡುವಾಗ ಒಂದು ಕೆಲಸ ಕೊಟ್ಟೆವು. ಮನೆಗೆ ಹೋಗಿ ಅಮ್ಮಿಯ ಹತ್ತಿರ ಕೂತು, ಖದೀಜಾ(ರ) ಎಣಿಸಿದಂತೆ, ನನ್ನಲ್ಲಿ ನೀವು ಕಂಡ ಒಳ್ಳೆಯದು ಯಾವುದೆಂದು ಕೇಳು, ಹೇಳಿದ್ದನ್ನು ಬರೆದುಕೋ ಎಂದು. ಅವನು ನಕ್ಕ. ನಮ್ಮ ಮನೆಗಳಲ್ಲಿ ಇಂಥ ಮಾತು ಯಾರು ಆಡುತ್ತಾರೆ ಎಂಬ ನಗು ಅದು.

ಮುಂದಿನ ಶುಕ್ರವಾರ ರಾತ್ರಿ ಪಾಳಿಯಿಂದ ನೇರ ಬಂದಿದ್ದ, ಕಣ್ಣು ಕೆಂಪಾಗಿತ್ತು. ಮಂಗಳವಾರ ಆಸ್ಪತ್ರೆಗೆ ಹೋಗಲು ರಜೆ ಕೇಳಿದ್ದಾನಂತೆ. ಜೇಬಿನಿಂದ ಬೀಡಿ ಕಟ್ಟಿನ ಕಾಗದದಷ್ಟು ಸಣ್ಣ ಚೀಟಿ ತೆಗೆದು ತೋರಿಸಿದ. ಅಮ್ಮಿ ಮೊದಲು ಬೈದರಂತೆ, ಆಮೇಲೆ ಒಂದಾದ ಮೇಲೊಂದು ಹೇಳುತ್ತ ಹೋದರಂತೆ. ಮೂರು ಸಾಲು ಇತ್ತು. ಮೊದಲನೆಯದು: ಸಂಬಳ ಬಂದ ದಿನ ಮನೆಗೆ ಬರುವ ಮೊದಲು ದಾದಿಯ ಸಕ್ಕರೆ ಕಾಯಿಲೆಯ ಮಾತ್ರೆ ತರುತ್ತಾನೆ, ಒಂದು ತಿಂಗಳೂ ಮರೆತಿಲ್ಲ.